ಅನಾರ್ಕುಲ್ ಮಗನ ಕ್ಲಿಪ್ಪು ತೆಗೆದದ್ದು

ನಮ್ಮ ಓಶ್ ಊರಿನ ಈ ಹಲ್ಲಿನ ಕ್ಲಿನಿಕ್ಕಿನಲ್ಲಿ ಅನಾರ್ಕುಲ್ ಮಾಡದ ಕೆಲಸವಿಲ್ಲ. ಅಚ್ಚಿನ ಹಿಟ್ಟು ಕಲಸುತ್ತಾಳೆ, ಪ್ಲಾಸ್ಟರ್ ಸುರಿಯುತ್ತಾಳೆ, ಜೊಲ್ಲು ಎಳೆಯುವ ನಳಿಗೆ ಹಿಡಿಯುತ್ತಾಳೆ, ರಚ್ಚೆ ಹಿಡಿದ ಮಕ್ಕಳನ್ನು ಪುಸಲಾಯಿಸಿ ಬಾಯಿ ತೆಗೆಸುತ್ತಾಳೆ. ಆದರೆ ಯಾರದಾದರೂ ಹಲ್ಲು ಸಾಲಿಗೆ ತರುವ ಕ್ಲಿಪ್ಪು ತೆಗೆಯುವ ಸರದಿ ಬಂತೋ, ಕೈಗವಸು ಕಳಚಿ ಹೊರಗೆ ನಡೆದುಬಿಡುತ್ತಾಳೆ. ಆಗ ಕುರ್ಚಿಯ ಪಕ್ಕ ನಾನು ನಿಲ್ಲಬೇಕು. ಹೊಸದಾಗಿ ಸೇರಿದ ಹುಡುಗಿ ಮೊನ್ನೆ, "ಆ ಎಜೆಗೆ ಎಷ್ಟು ಸೊಕ್ಕು ನೋಡಿ" ಎಂದಳು. ಎಜೆ ಅಂದರೆ ಅಕ್ಕ. ನಾವೆಲ್ಲ ಅವಳನ್ನು ಕರೆಯುವುದೇ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಏನೂ ಗೊತ್ತಿಲ್ಲದೆ ನಾಲಿಗೆ ಹರಿಬಿಡುವವರನ್ನು ಕಂಡರೆ ನನಗಾಗುವುದಿಲ್ಲ. ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಅನಾರ್ಕುಲ್‌ಗೆ ಮುಂದಿನ ನಾಲ್ಕೂ ಚಿನ್ನದ ಹಲ್ಲು. ಅವಳ ಮದುವೆಯ ಕಾಲಕ್ಕೆ ಅದೇ ಅಂದ, ಅದೇ ಅಂತಸ್ತು. ಗಟ್ಟಿಮುಟ್ಟಾದ ಹಲ್ಲುಗಳನ್ನು ಅರೆದು ಚಿನ್ನ ತೊಡಿಸಿದ್ದರು. "ಹಲ್ಲಿದ್ದಾಗ ಕಡಲೆ ಇರಲಿಲ್ಲ ಕಣೇ, ಅದಕ್ಕೆ ಚಿನ್ನ ಕಚ್ಚಿದೆ" ಎಂದು ನಗುತ್ತಿದ್ದಳು. ಗಂಡ ಬೇಗ ತೀರಿಕೊಂಡ. ಇದ್ದವನೊಬ್ಬನೇ ಮಗ, ತಿಲೆಕ್. ಅವನಿಗೋ ಎರಡು ಕೋರೆಹಲ್ಲು ತುಟಿ ಸೀಳಿ ಬರುವಂತೆ ಮುಂದಕ್ಕೆ ಚಾಚಿದ್ದವು. ಶಾಲೆಯಲ್ಲಿ ಎಲ್ಲರೂ ತೋಳ ಎಂದು ಕರೆದರು. ಅಂದಿನಿಂದ ಅವನು ಕೈ ಅಡ್ಡ ಹಿಡಿಯದೆ ನಕ್ಕದ್ದನ್ನು ನಾನಂತೂ ಕಂಡಿಲ್ಲ.

ದೊಡ್ಡವನಾಗಿ ಲಾರಿ ಹಿಡಿದ. ಕಣಿವೆಯ ಈರುಳ್ಳಿ, ವಾಲ್‌ನಟ್ ತುಂಬಿಕೊಂಡು ಬೆಟ್ಟ ದಾಟಿ ರಾಜಧಾನಿ ಬಿಷ್ಕೆಕ್‌ಗೆ ಹೋಗಿಬರುತ್ತಿದ್ದ. ನಮ್ಮ ಜಮೀರಾ ಡಾಕ್ಟರೇ ಕರೆದು ಕ್ಲಿಪ್ಪು ಹಾಕಿದರು. ತಂತಿ ಬಿಗಿಸುವಾಗಲೆಲ್ಲ ತಾಯಿಯೇ ಪಕ್ಕದಲ್ಲಿ ನಿಂತು ಇಕ್ಕಳ ಕೊಟ್ಟಳು. ಮೀಸೆ ಬಂದ ಮಗನಿಗೆ ಎಲ್ಲರೆದುರೇ, "ಸರಿಯಾಗಿ ಉಜ್ಜೋ ಕತ್ತೆ, ಮಾಂಸದ ಎಳೆ ಹಾಗೇ ಇದೆ" ಎಂದು ಬೈಯುತ್ತಿದ್ದಳು. ಚಳಿಗಾಲದಲ್ಲಿ ಒಂದು ಹುಡುಗಿ ಗೊತ್ತಾಯಿತು. ಹುಡುಗಿಯ ಕಿವಿಗೆ ಓಲೆ ತೊಡಿಸಿ ಮಾತು ಮುಗಿಸುವ ಶಾಸ್ತ್ರವೊಂದು ಬಾಕಿ. ಅಷ್ಟರೊಳಗೆ ಹಲ್ಲೂ ಸಾಲಿಗೆ ಬಂದಿದ್ದವು. ಡಾಕ್ಟರು, "ಬಿಷ್ಕೆಕ್‌ನಲ್ಲಿ ಒಂದು ಸಭೆ ಇದೆ. ಮುಗಿಸ್ಕೊಂಡು ಬಂದ ತಕ್ಷಣ ತೆಗೆದುಬಿಡ್ತೀನಿ, ಬಾ" ಎಂದರು. "ಹಾಗಿದ್ರೆ ಅಲ್ಲೀತನಕ ಇನ್ನೊಂದು ಲೋಡ್ ಹೊಡ್ಕೊಂಡು ಬರ್ತೀನಿ" ಎಂದ ತಿಲೆಕ್.

ಘಾಟಿಯ ಈ ಮಗ್ಗುಲಲ್ಲಿ ಹಿಮ ಜಾರಿ ಲಾರಿಯ ಮೇಲೆ ಬಿತ್ತು. ಅಗೆದು ತೆಗೆದವರು ಹೆಣವನ್ನು ಮನೆಗೆ ತಂದರು. ದಾರಿ ಮುಚ್ಚಿಹೋಯಿತು, ವಿಮಾನವೂ ಹಾರಲಿಲ್ಲ. ಡಾಕ್ಟರು ಆಚೆ ಕಡೆಯೇ ಉಳಿದರು.

ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಹೊರಗೆ ಗಂಡಸರು ಕೋಲೂರಿ ಬಾಗಿ ಗೋಳಿಡುತ್ತಿದ್ದರು. ಒಳಗೆ ಹೆಂಗಸರ ನಡುವೆ ಅನಾರ್ಕುಲ್ ಕಪ್ಪು ಬಟ್ಟೆಯುಟ್ಟು, ಗೋಡೆಗೆ ಮುಖ ಮಾಡಿ ಮಗನ ಗುಣ ಹಾಡಿಕೊಂಡು ಅಳುತ್ತಿದ್ದಳು. ಮಧ್ಯಾಹ್ನದ ನಮಾಜಿಗೆ ಮೊದಲು ಮಣ್ಣಾಗಬೇಕು. ಮನೆಯ ಹಿಂದಿನ ಕೋಣೆಯಲ್ಲಿ ಮೈ ತೊಳೆಯಲು ಗಂಡಸರು ಸೇರಿದ್ದರು.

ಬಿಸಿನೀರು ಕೊಡಲು ಹೋದ ನನಗೆ ಬಾಗಿಲಾಚೆಯಿಂದ ವಾದ ಕೇಳಿಸಿತು.

"ಹಲ್ಲಿಗೆ ಕಬ್ಬಿಣ ಬಿಗಿದಿದೆಯಲ್ಲಪ್ಪ. ಹೀಗೇ ಹೂಳೋದಾ?" ಎಂದದ್ದು ಅನಾರ್ಕುಲ್ ಗಂಡನ ಕಡೆಯ ಹಿರಿಯ, ಸಾದಿರ್ ಮಾವ. "ಗೋರಿಯಲ್ಲಿ ದೇವದೂತರಿಬ್ಬರು ಬಂದು ಪ್ರಶ್ನೆ ಕೇಳ್ತಾರೆ. ಬಾಯಿಗೆ ಬೀಗ ಹಾಕ್ಕೊಂಡವನು ಏನಂತ ಉತ್ತರ ಕೊಡ್ತಾನೆ?"

"ಅಂಥ ಮಾತು ಯಾವ ಗ್ರಂಥದಲ್ಲೂ ಇಲ್ಲ ಹಿರಿಯರೇ" ಎಂದ ಮುಲ್ಲಾ. ವಯಸ್ಸು ಚಿಕ್ಕದು, ದನಿಯೂ ಚಿಕ್ಕದು.

"ನೀನು ಓದಿದ್ದು ನಿನ್ನ ಹತ್ರ ಇರ್ಲಿ. ಯಾರಾದ್ರೂ ಹೋಗಿ ಲಾರಿ ರಿಪೇರಿ ಇಕ್ಕಳ ತನ್ನಿ."

ಆ ಇಕ್ಕಳ ನಾನು ಬಲ್ಲೆ. ಮೊಳೆ ಕೀಳುವ ಇಕ್ಕಳ. ಅದನ್ನು ಹಾಕಿ ಎಳೆದರೆ ಕ್ಲಿಪ್ಪಿನ ಜೊತೆ ಹಲ್ಲೂ ಮುರಿದು ಬರುತ್ತದೆ. ನೇರ ಗುಡಾರಕ್ಕೆ ಓಡಿ ಅನಾರ್ಕುಲ್ ಕಿವಿಯಲ್ಲಿ ಹೇಳಿದೆ.

ಅವಳು ಹಾಡು ನಿಲ್ಲಿಸಿದಳು. ನಮ್ಮಲ್ಲಿ ತಾಯಿಯಾದವಳು ಅದನ್ನು ನಡುವೆ ನಿಲ್ಲಿಸುವಂತಿಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು.

"ಕ್ಲಿನಿಕ್ಕಿಗೆ ಓಡು. ನಮ್ಮ ಇಕ್ಕಳ ತಾ. ಅಂಟು ಕೆರೆಯೋದನ್ನೂ ತಾ. ಅಲ್ಲೀವರೆಗೂ ಇವರನ್ನ ನಾನು ನೋಡ್ಕೋತೀನಿ."

ನಾನು ವಾಪಸು ಬಂದಾಗ ಅವಳು ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಸಾದಿರ್ ಮಾವ ಕೋಲು ಕುಟ್ಟುತ್ತಿದ್ದರು. "ಗಂಡಸಿನ ಮೈ ತೊಳೆಯೋ ಕಡೆ ಹೆಂಗಸು ಕಾಲಿಡಬಾರದು! ಊರು ಏನನ್ನುತ್ತೆ?"

"ಇವನ ಮೈಯನ್ನ ಮೊದಲು ತೊಳೆದವಳು ನಾನು ಮಾವ. ಅವತ್ತು ಊರು ಎಲ್ಲಿತ್ತು?"

ಮುದುಕರು ಪಕ್ಕಕ್ಕೆ ಸರಿದರು. ಹೆಣಕ್ಕೆ ಕತ್ತಿನವರೆಗೂ ಬಟ್ಟೆ ಹೊದಿಸಿ, ಗಂಡಸರು ಗೋಡೆಯ ಕಡೆ ತಿರುಗಿ ನಿಂತರು. ನಾನು ಟಾರ್ಚ್ ಹಿಡಿದೆ. ಕ್ಲಿಪ್ಪು ತೆಗೆಯುವುದು ಡಾಕ್ಟರ ಕೆಲಸ. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಆ ಕೆಲಸಕ್ಕೆ ಕೈ ಹಾಕಿದವಳಲ್ಲ. ತಲೆಯ ಹಿಂದೆ ಮಂಡಿಯೂರಿ ಕೂತಳು. ಗದ್ದ ಹಿಡಿದು, ಮಕ್ಕಳಿಗೆ ಹೇಳುವ ದನಿಯಲ್ಲೇ, "ಬಾಯಿ ತೆಗಿ ಕಂದ. ಸ್ವಲ್ಪ ಒತ್ತಿದ ಹಾಗಾಗತ್ತೆ, ನೋವಾಗಲ್ಲ" ಎಂದಳು. ಟಾರ್ಚಿನ ಬೆಳಕು ಅಲ್ಲಾಡಿತು. "ನೆಟ್ಟಗೆ ಹಿಡಿಯೇ" ಎಂದು ಗದರಿದಳು.

ಟಕ್ ಟಕ್ ಎಂದು ಒಂದೊಂದೇ ಬಿಟ್ಟುಬಂತು. ಹಲ್ಲಿನ ಚೂರೂ ಹಾರಲಿಲ್ಲ. ಅಂಟನ್ನೆಲ್ಲ ಕೆರೆದಳು, ಒದ್ದೆ ಹತ್ತಿ ಸುತ್ತಿ ಒಂದೊಂದು ಹಲ್ಲನ್ನೂ ಒರೆಸಿದಳು. ಗೋಡೆ ನೋಡುತ್ತಿದ್ದ ಗಂಡಸರಲ್ಲಿ ಯಾರೋ ಬಿಕ್ಕಿದರು. ನಾನೂ ಅತ್ತೆ. ಅವಳು ಅಳಲಿಲ್ಲ.

"ಆಯ್ತೇನಮ್ಮಾ? ಹೊತ್ತಾಗ್ತಿದೆ" ಎಂದು ಸಾದಿರ್ ಮಾವ ದವಡೆ ಕಟ್ಟುವ ಬಿಳಿ ಪಟ್ಟಿ ಹಿಡಿದು ಹತ್ತಿರ ಬಂದರು. ಗದರುತ್ತಿದ್ದ ದನಿ ಈಗ ಇಳಿದಿತ್ತು.

ಅನಾರ್ಕುಲ್ ಅವರ ಕೈ ತಡೆದಳು. ಮಗನ ತುಟಿಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿ, ನನ್ನ ಟಾರ್ಚನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಇರಿ ಮಾವ. ಇವನು ನಕ್ಕರೆ ಹೇಗಿರ್ತಾನೆ ಅಂತ ನಾನಿನ್ನೂ ನೋಡಿಲ್ಲ."