ಉಬ್ಬಿದ ಬ್ಯಾಟರಿ ಮತ್ತು ನಾನು ಬರೆದ ಎರಡು ಪದ

ಮೂರು ವರ್ಷಗಳ ಹಿಂದಿನ ಮಾತು. ಆಗ ನಾನು ಚಿಕ್ಕೋಡಿಯ ಒಂದು ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿನಲ್ಲಿ ಹಿರಿಯ ಇಂಜಿನಿಯರ್ ಆಗಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಅಂಕಲಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತ, ಅದೇ ಮೇಜಿನ ಮುಂದೆ ಹನ್ನೆರಡು ವರ್ಷ ಕಳೆದಿದ್ದೆ. ನಮ್ಮದು ಅಧಿಕೃತ ಕೇಂದ್ರ. ವಾರಂಟಿಯ ಕೆಲಸ ನಾವು ಮಾಡುತ್ತಿದ್ದೆವು. ಬಿಡಿಭಾಗ ಕಂಪನಿಯಿಂದ ಬರುತ್ತಿತ್ತು. ಕೊಡಬೇಕೋ ಬೇಡವೋ ಎಂಬ ತೀರ್ಮಾನವೂ ಕಂಪನಿಯದೇ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಗ್ರಾಹಕರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು.

ಜುಲೈ ತಿಂಗಳ ಒಂದು ಬುಧವಾರ ಸಂಜೆ ಬಿಳಿ ಕೋಲು ಹಿಡಿದ ಒಬ್ಬರು ಒಳಗೆ ಬಂದರು. ವಯಸ್ಸು ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಎದೆಗೆ ಅವಚಿಕೊಂಡ ಬ್ಯಾಗು. ಹೆಸರು ಮಿಲಿಂದ ಕಾಂಬಳೆ. ಊರು ಏಕಸಂಬಿ. ರಾಯಬಾಗದ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರು. ಹುಟ್ಟಿನಿಂದಲೇ ಕಣ್ಣು ಕಾಣದವರು.

“ಮೇಡಂ, ಇದರ ಹೊಟ್ಟಿ ಉಬ್ಬೈತ್ರಿ,” ಎಂದು ಲ್ಯಾಪ್‌ಟಾಪ್ ಮುಂದಿಟ್ಟರು. “ಮುಚ್ಚಳ ಪೂರಾ ಕೂಡವಲ್ದು. ಅಂಗೈ ಇಡೋ ಜಾಗಾದಾಗ ದಿಬ್ಬ ಎದ್ದಂಗ ಆಗೈತಿ.”

ನನ್ನ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿದ ಮೇಲೆ ತಿಳಿಯಿತು: ಟಚ್‌ಪ್ಯಾಡ್ ಎರಡು ಮಿಲಿಮೀಟರಿನಷ್ಟು ಮೇಲಕ್ಕೆದ್ದಿತ್ತು. ಅದರ ಕೆಳಗೇ ಬ್ಯಾಟರಿ ಇರುತ್ತದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ತೆಳು ಚೀಲದಂಥ ಲಿಥಿಯಂ ಬ್ಯಾಟರಿ. ಒಳಗಿನ ರಸಾಯನ ಕೆಟ್ಟರೆ ಅನಿಲ ಹುಟ್ಟಿ ಚೀಲ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಗೆ ಏನಾದರೂ ಚುಚ್ಚಿದರೆ, ಒತ್ತಿದರೆ, ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತುವ ಭಯ. ಇಂಥದ್ದನ್ನು ಅವರು ಎರಡು ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

“ಸರ್, ಇನ್ನ ಇದನ್ನ ಚಾಲೂ ಮಾಡಬ್ಯಾಡ್ರಿ. ಇಲ್ಲೇ ಬಿಟ್ಟು ಹೋಗ್ರಿ,” ಎಂದೆ.

ಅವರು ಅದರ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಹೇಳಿದ್ದು ಕೇಳಿ ನನಗೆ ವಿಷಯದ ಭಾರ ತಿಳಿಯಿತು. ಅವರ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ರೀಡರ್ ಇತ್ತು. ಅದು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಟಿಪ್ಪಣಿ ಕೇಳುತ್ತಲೇ ಅವರು ಪಾಠ ಮಾಡುತ್ತಿದ್ದರು. ಟಚ್‌ಪ್ಯಾಡ್ ಕೆಳಗಿನಿಂದ ಒತ್ತಲ್ಪಟ್ಟು ತಾನಾಗಿಯೇ ಕ್ಲಿಕ್ ಆಗತೊಡಗಿದ್ದರಿಂದ ಆ ಧ್ವನಿ ಒಂದು ಸಾಲಿನಿಂದ ಇನ್ನೆಲ್ಲಿಗೋ ಹಾರುತ್ತಿತ್ತು. ಎರಡು ತರಗತಿಗಳಲ್ಲಿ ಪಾಠ ನಡುವೆಯೇ ನಿಂತಿತ್ತು. ನೌಕರಿ ಹತ್ತಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

“ಪ್ರಿನ್ಸಿಪಾಲರು ಒಳ್ಳೇವ್ರೇ ಅದಾರ್ರಿ. ‘ತ್ರಾಸ ತಗೋಬ್ಯಾಡ್ರಿ, ಕ್ಲಾಸ್ ಬ್ಯಾರೇಯವ್ರು ತಗೋತಾರ, ನೀವು ಲೈಬ್ರರಿ ನೋಡ್ಕೋರಿ’ ಅಂದ್ರು. ಮೂರು ವಾರ ಟೈಮ್ ಕೇಳಿಕೊಂಡ್ ಬಂದೇನಿ. ಲೈಬ್ರರ್ಯಾಗ ಕೂಡಾಕ ನಾ ಪರೀಕ್ಷಾ ಪಾಸ್ ಮಾಡಿಲ್ರಿ ಮೇಡಂ.”

ನಾನು ಜಾಬ್ ಶೀಟ್ ತುಂಬಿದೆ. ಯಂತ್ರ ಯಾವ ಸ್ಥಿತಿಯಲ್ಲಿ ಬಂತು ಎಂದು ದಾಖಲಿಸುವ ಹಾಳೆ ಅದು. ಅವರ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟೆ. ಅವರು ಸಹಿ ಮಾಡಿದರು. ಏನು ಬರೆದಿದ್ದೇನೆ ಎಂದು ಓದಿ ಹೇಳಲಿಲ್ಲ. ಯಾರಿಗೂ ಓದಿ ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲ.

ಸೀರಿಯಲ್ ನಂಬರ್ ಹಾಕಿ ನೋಡಿದರೆ ಕಂಪನಿಯ ಪರದೆಯಲ್ಲಿ ‘ವಾರಂಟಿ ಮುಗಿದಿದೆ’ ಎಂದಿತ್ತು. ಯಂತ್ರ ಕೊಂಡು ಹನ್ನೊಂದು ತಿಂಗಳಷ್ಟೇ ಎಂದು ಕಾಂಬಳೆ ಸರ್ ಹೇಳಿದರು. ಇದು ನನಗೆ ಹೊಸದಲ್ಲ. ಯಂತ್ರ ಕಾರ್ಖಾನೆ ಬಿಟ್ಟ ದಿನದಿಂದ ಕಂಪನಿ ಒಂದು ವರ್ಷದ ಲೆಕ್ಕ ಹಿಡಿಯುತ್ತದೆ. ಇದು ನಾಲ್ಕು ತಿಂಗಳು ಅಂಗಡಿಯಲ್ಲೇ ಕೂತಿತ್ತು. ಬಿಲ್ ತೋರಿಸಿದರೆ ತಾರೀಖು ಸರಿಪಡಿಸುತ್ತಾರೆ.

“ಬಿಲ್ ಐತ್ರಿ, ಜ್ವಾಪಾನ ಮಾಡೇನಿ,” ಎಂದು ಅವರು ಪ್ಲಾಸ್ಟಿಕ್ ಫೋಲ್ಡರಿನಿಂದ ಒಂದು ಕಾಗದ ತೆಗೆದು ಹೆಮ್ಮೆಯಿಂದ ಕೊಟ್ಟರು.

ಅದು ಖಾಲಿಯಾಗಿತ್ತು. ಶಾಖದಿಂದ ಅಕ್ಷರ ಮೂಡಿಸುವ ಕಾಗದವದು. ಪ್ಲಾಸ್ಟಿಕ್ಕಿನೊಳಗೆ ಇಟ್ಟರೆ ಕೆಲವು ತಿಂಗಳಲ್ಲೇ ಅಕ್ಷರ ಮಾಯವಾಗುತ್ತದೆ. ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಒಂದು ಗೆರೆಯೂ ಉಳಿದಿರಲಿಲ್ಲ. ಹೇಗೆ ಹೇಳಲಿ ಎಂದು ತಡವರಿಸುತ್ತಿರುವಾಗ ಅವರೇ ಕೇಳಿದರು.

“ಯಾಕ್ರಿ, ಸುಮ್ಮನಾದ್ರಿ? ಅದರ ಮ್ಯಾಲ ಏನೂ ಇಲ್ಲೇನ್ರಿ?”

“ಇಲ್ರಿ ಸರ್. ಅಳಸಿ ಹೋಗೈತಿ.”

ಅವರು ನಕ್ಕರು. “ಅಂದ್ರ ಖಾಲಿ ಹಾಳಿಗೆ ಇಷ್ಟ್ ದಿನ ಕಾವಲಾ ಕಾಯ್ದೇನಿ ಅಂತಾಯ್ತು.” ಬಿಲ್ಲಿನ ಪ್ರತಿ ಅಂಗಡಿಯಲ್ಲಿ ಸಿಗಬಹುದು ಎಂದೆ.

ಭಾನುವಾರ ನನಗೆ ರಜೆ. ಇಬ್ಬರೂ ನಿಪ್ಪಾಣಿಗೆ, ಲ್ಯಾಪ್‌ಟಾಪ್ ಮಾರಿದ ಅಂಗಡಿಗೆ ಹೋದೆವು. ಗ್ರಾಹಕರ ಜೊತೆ ಹೀಗೆ ಹೋಗುವುದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಮಾಲೀಕರು ಜಾಧವ ಎನ್ನುವವರು. ಅರ್ಧ ಮರಾಠಿ, ಅರ್ಧ ಕನ್ನಡ. “ಜುನಾ ಕಂಪ್ಯೂಟರ್ ಬಂದ್ ಪಡ್ಲಾಯ್ ಮ್ಯಾಡಂ. ಹಳೀದು ಸುಟ್ಟು ಹೋಗೈತಿ, ಹೋದ ವರ್ಷದ ಬಿಲ್ ಎಲ್ಲಾ ಅದರಾಗ ಇದ್ದುವು. ಆತಾ ಕಾಯ್ ಕರಣಾರ್?” ಎಂದು ಕೈಚೆಲ್ಲಿದರು. ಈಗೇನು ಮಾಡುವುದು ಎಂಬುದು ಅವರ ಪ್ರಶ್ನೆ.

“ಆ ಕಂಪ್ಯೂಟರ್ ಒಗದೀರೇನ್ರಿ?” ಎಂದು ಕೇಳಿದೆ.

ಎಸೆದಿರಲಿಲ್ಲ. ಅಟ್ಟದ ಮೇಲಿಂದ ಇಳಿಸಿದರು, ಮೈತುಂಬ ಧೂಳು. ಸುಟ್ಟಿದ್ದು ಪವರ್ ಸಪ್ಲೈ ಮಾತ್ರ. ಹಾರ್ಡ್ ಡಿಸ್ಕ್ ಬಿಚ್ಚಿ, ನನ್ನ ಬ್ಯಾಗಿನಲ್ಲಿದ್ದ ಅಡಾಪ್ಟರಿನಿಂದ ಅವರ ಹೊಸ ಕಂಪ್ಯೂಟರಿಗೆ ಜೋಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಬಿಲ್ಲುಗಳ ಕಡತ ತೆರೆಯಿತು. ಕಾಂಬಳೆ ಸರ್ ಹೆಸರು, ಸೀರಿಯಲ್ ನಂಬರ್, ಕೊಂಡ ದಿನ ಎಲ್ಲವೂ ಇದ್ದವು. ಜಾಧವರಿಗೇ ಹೆಚ್ಚು ಖುಷಿ. ಕಳೆದುಹೋಯಿತು ಎಂದುಕೊಂಡಿದ್ದ ಇಡೀ ವರ್ಷದ ಕಡತ ಸಿಕ್ಕಿತ್ತು. ನಮಗಿಬ್ಬರಿಗೂ ಚಹಾ ತರಿಸಿ, ಬಿಲ್ಲನ್ನು ಒಳ್ಳೆಯ ಕಾಗದದ ಮೇಲೆ ಎರಡು ಪ್ರತಿ ತೆಗೆದುಕೊಟ್ಟರು.

ಸೋಮವಾರ ಎಲ್ಲ ದಾಖಲೆ ಕಳಿಸಿದೆ. ವಾರಂಟಿ ಜೀವ ಪಡೆಯಿತು. ಗೆದ್ದೆವು ಎಂದುಕೊಂಡೆ. ಗುರುವಾರ ಉತ್ತರ ಬಂತು: ತಿರಸ್ಕೃತ. ಕಾರಣ, ಸಿಐಡಿ. ನಮ್ಮ ವೃತ್ತಿಯಲ್ಲಿ ಹಾಗೆಂದರೆ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಗ್ರಾಹಕರ ಕೈಯಿಂದಾದ ಹಾನಿ. ಬಿದ್ದದ್ದು, ಒಡೆದದ್ದು, ನೀರು ಚೆಲ್ಲಿದ್ದು ಇದರಲ್ಲಿ ಸೇರುತ್ತವೆ. ಇದಕ್ಕೆ ವಾರಂಟಿ ಇಲ್ಲ.

ಕಾಂಬಳೆ ಸರ್‌ಗೆ ಫೋನ್ ಮಾಡಿ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ನಾ ಸಹಿ ಮಾಡಿದ ಹಾಳ್ಯಾಗ ಏನ್ ಬರದಿದ್ರಿ ಮೇಡಂ? ಓದ್ರಿ ಒಮ್ಮೆ.”

ಜಾಬ್ ಶೀಟ್ ತೆಗೆದೆ. ಹೊರಮೈಯಲ್ಲಿ ಏನೇ ವ್ಯತ್ಯಾಸ ಕಂಡರೂ ಬರೆಯಲು ಒಂದೇ ಒಂದು ಚೌಕವಿತ್ತು. ಅದರಲ್ಲಿ ನನ್ನದೇ ಕೈಬರಹ: ‘ಫಿಸಿಕಲ್ ಡ್ಯಾಮೇಜ್, ಟಚ್‌ಪ್ಯಾಡ್ ಎದ್ದಿದೆ.’ ಹನ್ನೆರಡು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿ ಬರೆದದ್ದು ಮೊದಲ ಎರಡು ಪದ. ಕಂಪನಿಯವರು ಯಂತ್ರ ನೋಡಿರಲಿಲ್ಲ. ಅವರು ನೋಡಿದ್ದು ನನ್ನ ಅಕ್ಷರವನ್ನು.

ಫೋನಿನಲ್ಲಿ ಓದಿ ಹೇಳಿದೆ.

“ನೀವು ಆವತ್ತೇ ಓದಿದ್ರ ನಾ ಸಹಿ ಮಾಡ್ತಿರಲಿಲ್ರಿ,” ಎಂದರು, ಮೆಲ್ಲಗೆ.

ಅಂದೇ ಹುಬ್ಬಳ್ಳಿಯಲ್ಲಿದ್ದ, ಕಂಪನಿಯ ಏರಿಯಾ ಮ್ಯಾನೇಜರ್ ಶೆಟ್ಟಿಯವರಿಗೆ ಫೋನ್ ಮಾಡಿದೆ. ಕರಾವಳಿ ಕಡೆಯವರು, ಅಚ್ಚುಕಟ್ಟು ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಅತ್ತಿತ್ತ ಇಡುವವರಲ್ಲ.

“ನೀವೇ ಬರೆದಿದ್ದೀರಲ್ಲ ಸವಿತಾ? ಈಗ ಇಲ್ಲ ಅಂದರೆ ಹೇಗೆ? ನೀವು ಕಂಪನಿ ಕಡೆಯವರೋ, ಗ್ರಾಹಕರ ಕಡೆಯವರೋ?”

“ತಪ್ಪು ಬರದೇನ್ರಿ ಸರ್. ಅದನ್ನೂ ಲಿಖಿತದಾಗ ಕೊಡ್ತೇನಿ.”

“ಕೊಟ್ಟರೆ ನಿಮ್ಮ ದಾಖಲೆಗೆ ಸೇರುತ್ತದೆ. ಯೋಚನೆ ಮಾಡಿ.”

ಯೋಚನೆ ಮಾಡಿದೆ. ತಪ್ಪು ದಾಖಲೆಗೆ ಸೇರಿದರೆ ಇಂಜಿನಿಯರಿನ ಅಧಿಕೃತ ಪ್ರಮಾಣಪತ್ರದ ನವೀಕರಣಕ್ಕೆ ತೊಡಕಾಗುತ್ತಿತ್ತು. ಆದರೂ ಆ ಸಂಜೆಯೇ ಬರೆದು ಕಳಿಸಿದೆ. ಮಂಗಳವಾರ ಅವರು ತಪಾಸಣೆಗೆ ಚಿಕ್ಕೋಡಿಗೆ ಬರುವವರಿದ್ದರು. ಯಂತ್ರವನ್ನು ಅವರ ಎದುರಿಗೇ ಬಿಚ್ಚಲು ಅನುಮತಿ ಕೇಳಿದೆ. ಒಪ್ಪಿಗೆ ಸಿಗುವ ಮುನ್ನ ವಾರಂಟಿ ಯಂತ್ರ ಬಿಚ್ಚಬಾರದೆಂಬುದು ನಿಯಮ.

ಮಂಗಳವಾರ ಕಾಂಬಳೆ ಸರ್ ಅರ್ಧ ದಿನ ರಜೆ ಹಾಕಿ ಬಂದರು. ಶೆಟ್ಟಿಯವರು ಮೊದಲು ಕೇಳಿದ್ದೇ, “ಇದು ಎಲ್ಲಾದರೂ ಬಿದ್ದಿತ್ತಾ?”

“ನಾ ಬಿದ್ದಿದ್ದೆ ಸರ್, ಇದು ಬಿದ್ದಿಲ್ಲ. ಬಸ್ಸಿನ ಪಾವಟಿಗ್ಯಾಗ ಕಾಲು ಜಾರಿತು. ಬ್ಯಾಗ್ ಎದಿಗೆ ಅವಚಿಕೊಂಡ್ ಬಿದ್ದೆ. ಮೊಣಕೈ ಕಿತ್ತು ಹೋತು, ಇದಕ್ಕ ಏನೂ ಆಗಲಿಲ್ಲ.”

ಯಾರೂ ಕೇಳದ ಸತ್ಯವನ್ನು ಅವರು ತಾವಾಗಿಯೇ ಮುಂದಿಟ್ಟಿದ್ದರು. ಶೆಟ್ಟಿಯವರು ನನ್ನ ಮುಖ ನೋಡಿದರು. “ಹಾಗಾದರೆ ಪೆಟ್ಟು ಬಿದ್ದಿದೆ ಅಂತಾಯಿತು.”

“ಬಿಚ್ಚಿ ನೋಡೋಣ್ರಿ ಸರ್,” ಎಂದೆ. “ಪೆಟ್ಟಿನಿಂದ ಹೊರಮೈ ಬಾಗಿದ್ರ ಬ್ಯಾಟರಿ ತಗದ ಮ್ಯಾಲೂ ಬಾಗೇ ಇರತೈತಿ. ಒಳಗಿಂದ ಒತ್ತಿದ್ರ, ತಗದ ಕೂಡ್ಲೇ ಸಪಾಟ ಆಗಬೇಕು.”

ಅವರು ತಲೆಯಾಡಿಸಿದರು. ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡೆ. ಹತ್ತು ಸ್ಕ್ರೂ ತೆಗೆದೆ. ಕೆಳಮುಚ್ಚಳ ತಾನಾಗಿಯೇ ಮೇಲಕ್ಕೆ ಪುಟಿಯಿತು. ಒಳಗೆ ಬ್ಯಾಟರಿ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಕೂತಿತ್ತು. ಲೋಹ ತಾಗದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ ಹೊರತೆಗೆದೆ. ವರ್ನಿಯರ್ ಹಿಡಿದು ಅಳೆದರೆ ಹನ್ನೊಂದು ಮಿಲಿಮೀಟರ್, ಇರಬೇಕಾದದ್ದು ಆರು. ಅದನ್ನು ಮರಳಿಗೆ ಇಳಿಸಿ, ಮುಚ್ಚಳ ಮತ್ತೆ ಕೂಡಿಸಿ, ಹತ್ತೂ ಸ್ಕ್ರೂ ಬಿಗಿದೆ. ಯಂತ್ರವನ್ನು ತಿರುಗಿಸಿ ಗಾಜಿನ ಮೇಜಿನ ಮೇಲಿಟ್ಟೆ.

“ಸರ್, ನೀವು ನೋಡ್ರಿ,” ಎಂದು ಕಾಂಬಳೆ ಸರ್‌ಗೆ ಹೇಳಿದೆ.

ಅವರು ಎರಡೂ ಕೈಗಳ ಬೆರಳುಗಳನ್ನು ಅಂಚಿನಿಂದ ಅಂಚಿಗೆ, ನಾಲ್ಕೂ ಮೂಲೆಗೆ, ಆಮೇಲೆ ಟಚ್‌ಪ್ಯಾಡಿನ ಗೆರೆಯ ಗುಂಟ ನಿಧಾನವಾಗಿ ಸರಿಸಿದರು. ಮುಖ ಅರಳಿತು.

“ಸಪಾಟ ಐತ್ರಿ! ಹೊಸಾದ್ ತಂದ ದಿನ ಹೆಂಗಿತ್ತೋ ಹಂಗ ಐತಿ.”

ಶೆಟ್ಟಿಯವರು ಸ್ಕೇಲ್ ಅಡ್ಡ ಇಟ್ಟು, ಬಗ್ಗಿ, ಬೆಳಕಿಗೆ ಎದುರಾಗಿ ನೋಡಿದರು. ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಎಲ್ಲಾದರೂ ತಗ್ಗು ಇದೆಯೇ ಎಂದು ಮೂಲೆಗಳನ್ನು ತಾವೂ ಮುಟ್ಟಿ ನೋಡಿದರು. ಸ್ಕೇಲ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

“ಕಾಂಬಳೆಯವರೇ, ನಿಮ್ಮದೇನೂ ತಪ್ಪಿಲ್ಲ. ಬ್ಯಾಟರಿ ನಮ್ಮದು, ದೋಷವೂ ನಮ್ಮದೇ.” ಆಮೇಲೆ ನನ್ನ ಕಡೆ ತಿರುಗಿದರು. “ಸವಿತಾ, ಹೊಸ ಜಾಬ್ ಶೀಟ್ ತುಂಬಿ. ನಾನು ಇಲ್ಲಿಂದಲೇ ಒಪ್ಪಿಗೆ ಹಾಕುತ್ತೇನೆ.”

ಶನಿವಾರ ಬೆಳಿಗ್ಗೆ ಬೆಳಗಾವಿಯಿಂದ ಪಾರ್ಸಲ್ ಬಂತು. ಬ್ಯಾಟರಿ ಕೂಡಿಸಲು ಹಿಡಿದದ್ದು ಹದಿನೈದು ನಿಮಿಷ. ಕಾಂಬಳೆ ಸರ್ ಗುಂಡಿ ಒತ್ತಿದರು. ಸ್ಕ್ರೀನ್ ರೀಡರ್ ಮಾತಾಡಿತು. ಒಂದು ಪುಟ ಪೂರ್ತಿ, ಎಲ್ಲೂ ಹಾರದೆ, ಸಾಲಿನ ಹಿಂದೆ ಸಾಲು. ಕೌಂಟರಿನ ಮುಂದೆ ಕಾಯುತ್ತಿದ್ದ ಮೂವರು ಗ್ರಾಹಕರೂ ಮಾತು ನಿಲ್ಲಿಸಿ ಕೇಳಿದರು. ಸೋಮವಾರ ಮಧ್ಯಾಹ್ನ ರಾಯಬಾಗದಿಂದ ಫೋನ್ ಬಂತು. ಹಿಂದೆ ಹುಡುಗರ ಗದ್ದಲ.

“ಮೇಡಂ, ಮೂರು ಕ್ಲಾಸ್ ತಗೊಂಡೆ. ಪ್ರಿನ್ಸಿಪಾಲರು ಬಾಗಲದಾಗ ನಿಂತು ಕೇಳಿದ್ರಂತ. ‘ಲೈಬ್ರರಿ ಮಾತು ಬಿಡ್ರಿ ಕಾಂಬಳೆ’ ಅಂದ್ರು!”

ನಾನು ಫೋನ್ ಇಟ್ಟವಳೇ ಹಳೆಯ ಜಾಬ್ ಶೀಟುಗಳ ಕಟ್ಟು ಬಿಚ್ಚಿದೆ. ಹಿಂದಿನ ಒಂದು ವರ್ಷದಲ್ಲಿ ನನ್ನ ಕೈಬರಹದಲ್ಲೇ ಅಂಥ ಇನ್ನೆರಡು ಸಿಕ್ಕವು. ಕಾಗವಾಡದ ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರದು ಮತ್ತೆ ತೆರೆದು ಹೊಸ ಬ್ಯಾಟರಿ ಕೊಡಿಸಿದೆ. ಅಥಣಿಯ ವಿದ್ಯಾರ್ಥಿನಿಯೊಬ್ಬಳು ಮಾತ್ರ, ನಾವು ಆಗುವುದಿಲ್ಲ ಎಂದ ಮೇಲೆ, ಯಂತ್ರವನ್ನು ಗುಜರಿಗೆ ಹಾಕಿಬಿಟ್ಟಿದ್ದಳು. ಅವಳಿಗೆ ಕ್ಷಮೆ ಕೇಳುವುದಷ್ಟೇ ನನ್ನಿಂದ ಸಾಧ್ಯವಾಯಿತು. ಆ ವರ್ಷಾಂತ್ಯಕ್ಕೆ ಶೆಟ್ಟಿಯವರು ನಮ್ಮ ಭಾಗದ ಜಾಬ್ ಶೀಟಿನಲ್ಲಿ ಇನ್ನೊಂದು ಚೌಕ ಸೇರಿಸಿದರು: ‘ಬ್ಯಾಟರಿ ಉಬ್ಬಿ ಆದ ವ್ಯತ್ಯಾಸ’. ನನ್ನ ಪ್ರಮಾಣಪತ್ರವೂ ನವೀಕರಣವಾಯಿತು. ತಪ್ಪೊಪ್ಪಿಗೆಯ ಪತ್ರದ ಕೆಳಗೆ ಅವರು ‘ಇಂಜಿನಿಯರ್ ತಾವೇ ಸರಿಪಡಿಸಿದ್ದಾರೆ’ ಎಂದು ಬರೆದಿದ್ದರು.

ಕಂಡದ್ದನ್ನು ಬರೆಯುವುದು ಬೇರೆ, ಕಾರಣವನ್ನು ಬರೆಯುವುದು ಬೇರೆ. ಟಚ್‌ಪ್ಯಾಡ್ ಎದ್ದದ್ದು ನಾನು ಕಂಡದ್ದು. ‘ಡ್ಯಾಮೇಜ್’ ನಾನು ಪರೀಕ್ಷಿಸದೆ ಹೊರಿಸಿದ್ದು. ಕಣ್ಣು ಕಾಣುವವರು ನಮ್ಮ ಹಾಳೆಯನ್ನು ಓದಿಯೇ ಸಹಿ ಮಾಡುತ್ತಾರೆ ಎಂಬ ಭ್ರಮೆಯೂ ನನಗೆ ಈಗ ಇಲ್ಲ. ಅವರಲ್ಲಿ ನೂರಕ್ಕೆ ಒಬ್ಬರೂ ಓದುವುದಿಲ್ಲ. ನಮ್ಮನ್ನು ನಂಬಿ ಗೀಚುತ್ತಾರೆ. ಆದ್ದರಿಂದ ಈಗ ಯಾರೇ ಬರಲಿ, ಬರೆದದ್ದನ್ನೆಲ್ಲ ಅವರ ಮಾತಿನಲ್ಲಿ, ಕನ್ನಡವೋ ಮರಾಠಿಯೋ, ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ‘ಹೌದ್ರಿ, ಹಂಗ ಐತಿ’ ಎನ್ನುವವರೆಗೆ ಪೆನ್ನು ನನ್ನ ಕೈಯಲ್ಲೇ ಇರುತ್ತದೆ.