ತೊಂಬತ್ತು ದಾಟದ ಮುಳ್ಳು

ಯಾರ್ಕ್‌ಟನ್ ಊರಲ್ಲಿ ನಿಂತು ನೆಟ್ಟಿ ಬಾರಾನ್ಯುಕ್ ಯಾರು ಅಂತ ಕೇಳಿದರೆ ಜನ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಮೂವತ್ತು ದಾಟಿದ ಅರ್ಧ ಊರು ಶಾಲೆಗೆ ಹೋದದ್ದು ಆಕೆ ಓಡಿಸುತ್ತಿದ್ದ ಹಳದಿ ಬಸ್ಸಿನಲ್ಲೇ. ಇಪ್ಪತ್ತೊಂಬತ್ತು ವರ್ಷ, ಜಲ್ಲಿ ರಸ್ತೆ, ಮೈನಸ್ ನಲವತ್ತರ ಚಳಿ. ಒಂದು ಮಗುವಿನ ಮೊಣಕಾಲೂ ತರಚಿಲ್ಲ.

ಬಸ್ಸಿನಿಂದ ಇಳಿದ ಮೇಲೆ ಆಕೆ ಹತ್ತಿದ್ದು ಮನೆಗಾಡಿಗೆ. ಇಪ್ಪತ್ತೊಂಬತ್ತು ಅಡಿ ಉದ್ದದ ಹಳೇ ಮೋಟರ್‌ಹೋಮ್; ಅಡುಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲ ಅದರಲ್ಲೇ, ಹಿಂದೆ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದ ಒಂದು ಪುಟ್ಟ ಕಾರು. ಅದನ್ನು ಕೊಂಡವನು ಗಂಡ ಪೀಟರ್. ಅವನಿಗೆ ಕಾಲಿನ ಕೆಳಗೆ ಏನು ಸಿಕ್ಕರೂ ಒತ್ತುವ ಚಟ. ಒಂದು ಬೇಸಿಗೆಯಲ್ಲಿ ಸೈಪ್ರೆಸ್ ಗುಡ್ಡಗಳಿಗೆ ಹೋಗುವಾಗ ಅವನು ನೂರಹತ್ತರಲ್ಲಿ ಹೊಡೆದ. ಬರುವಾಗ ನೆಟ್ಟಿ ತೊಂಬತ್ತು ಮೀರದೆ ಬಂದಳು. ಅವನ ಕೈಯಲ್ಲಿ ಲೀಟರಿಗೆ ಎರಡೂಮುಕ್ಕಾಲು ಕಿಲೋಮೀಟರ್ ಬಂದಿತ್ತು, ಇವಳ ಕೈಯಲ್ಲಿ ನಾಲ್ಕು.

"ಅದಕ್ಕೇನು, ನಿನಗೆ ಬೆನ್ನಗಾಳಿ ಇತ್ತು," ಅಂದ ಪೀಟರ್.

"ಸರಿ. ಬರೋ ವರ್ಷ ಅದಲುಬದಲು ಮಾಡೋಣ."

ಮರುವರ್ಷ ಎದುರುಗಾಳಿಯಲ್ಲಿ ನೆಟ್ಟಿ ಮೂರೂವರೆ ತೆಗೆದಳು. ಬೆನ್ನಗಾಳಿ ಇಟ್ಟುಕೊಂಡೂ ಪೀಟರ್‌ಗೆ ಮೂರು ದಾಟಲಿಲ್ಲ. ಆಮೇಲೆ ಅವನು ಪಕ್ಕದ ಸೀಟಿನಲ್ಲಿ ಕೂತು ನಕ್ಷೆ ನೋಡಿಕೊಂಡಿದ್ದ. ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಆ ಸೀಟು ಬದಲಾಗಲಿಲ್ಲ.

ಈಗ ನೆಟ್ಟಿಗೆ ಎಪ್ಪತ್ತೆರಡು. ಈ ವರ್ಷವೂ ಮನೆಮಂದಿಯೆಲ್ಲ ಸೈಪ್ರೆಸ್ ಗುಡ್ಡಗಳ ಕ್ಯಾಂಪಿಗೆ ಹೊರಟಿದ್ದರು; ಪಕ್ಕದ ಸೀಟಿನಲ್ಲಿ ಕೂತವಳು ಸೊಸೆ ಟೆಸ್ಸಾ. ಹಿಂದೆ ಊಟದ ಮೇಜಿನ ಬೆಂಚಿಗೆ ಬಿಗಿದ ಕೂಸುಕುರ್ಚಿಯಲ್ಲಿ ಹದಿನಾಲ್ಕು ತಿಂಗಳ ಮೈಲೋ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

ಟೆಸ್ಸಾ ಟೊರಾಂಟೊದಲ್ಲಿ ಬೆಳೆದವಳು. ಮಗು ಹುಟ್ಟಿದ ಮೇಲೆ ಅವಳ ಜೀವ ಅವಳ ಮೈಯಲ್ಲಿರಲಿಲ್ಲ. ಮೈಲೋ ಕೆಮ್ಮಿದರೆ ಭಯ, ಕೆಮ್ಮದೆ ಮಲಗಿದರೆ ಇನ್ನೂ ಭಯ. ಇಂಥವಳಿಗೆ ಗಂಡ ರೋಮನ್ ಒಂದು ಕೆಲಸ ಒಪ್ಪಿಸಿದ್ದ. ಅವನು ಚಿಕ್ಕಪ್ಪ ವಾಲ್ಟ್‌ನ ಹೊಸ ಗಾಡಿಯಲ್ಲಿ ಬರುವವನಿದ್ದ, ಹೊರಡುವ ಮೊದಲು ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಅಮ್ಮ ಹೇಗೆ ಓಡಿಸ್ತಾಳೆ ಅಂತ ಸರಿಯಾಗಿ ನೋಡು. ಹೋದ ತಿಂಗಳು ಎರಡು ಸಲ ನನ್ನನ್ನ ಅಪ್ಪನ ಹೆಸರಲ್ಲಿ ಕರೆದಳು. ಸರಿಯಿಲ್ಲ ಅನ್ನಿಸಿದರೆ ಇದೇ ಕೊನೇ ಸಲ. ಗಾಡಿ ಮಾರಿಬಿಡೋಣ. ಚಿಕ್ಕಪ್ಪ ಗಿರಾಕಿ ನೋಡಿದ್ದಾನೆ."

ಟೆಸ್ಸಾ ಹೂಂ ಅಂದಿದ್ದಳು. ಮಗು ಆ ಗಾಡಿಯಲ್ಲಿರುವಾಗ ಹೂಂ ಅನ್ನದೆ ಇನ್ನೇನು?

ಬೆಳಗಿನ ಐದೂವರೆಗೇ ಹೊರಟಿದ್ದರು. ಹುಲ್ಲುಗಾವಲಿನ ಗಾಳಿ ಎಂಟು ಒಂಬತ್ತಕ್ಕೆ ಏಳುತ್ತದೆ, ಅಷ್ಟರೊಳಗೆ ಅರ್ಧ ದಾರಿ ಮುಗಿಸಬೇಕು ಅನ್ನುವುದು ನೆಟ್ಟಿಯ ಲೆಕ್ಕ. ನೀರಿನ ತೊಟ್ಟಿಯನ್ನೂ ಕಾಲು ಭಾಗ ಮಾತ್ರ ತುಂಬಿಸಿದ್ದಳು: "ಅಲ್ಲಿ ನಲ್ಲಿ ಇದೆ ತಾನೇ? ನೀರನ್ನ ಊರೂರು ತಿರುಗಿಸೋಕೆ ಅದೇನು ನೆಂಟರಾ?"

ವಾಲ್ಟ್ ಹೊರಟಿದ್ದು ಹತ್ತು ನಿಮಿಷ ಬಿಟ್ಟು. ಮೆಲ್ವಿಲ್ ದಾಟಿದ ಮೇಲೆ ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ ಕೂಗಿದ: "ಅತ್ತಿಗೇ! ತಳ್ಳಬೇಕಾ?"

"ನೀನು ಹೋಗಪ್ಪಾ, ಮುಂದಿನ ಬಂಕ್‌ನಲ್ಲಿ ನಿನ್ನ ಗಾಡಿಗೆ ಹಸಿವಾಗುತ್ತೆ!"

ಅವನು ನಗುತ್ತ ಭರ್ರೆಂದು ಹೋದ.

"ನಿಮಗೆ ಬೇಜಾರಾಗಲ್ವಾ ಅತ್ತೆ, ಎಲ್ಲರೂ ದಾಟಿಕೊಂಡು ಹೋದರೆ?" ಕೇಳಿದಳು ಟೆಸ್ಸಾ.

"ದಾಟಲಿ ಬಿಡು. ಈ ಗಾಡಿಯ ಮುಖ ನೋಡಿದ್ದೀಯಾ? ಗೋಡೆ. ಗೋಡೆ ಹೊತ್ತುಕೊಂಡು ನಿಧಾನ ನಡೆದರೆ ಗಾಳಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ಓಡೋಕೆ ಹೋದರೆ ಎದೆಗೆ ಎದೆ ಕೊಟ್ಟು ನಿಲ್ಲುತ್ತೆ. ಸಂಜೆ ಕ್ಯಾಂಪಲ್ಲಿ ನೋಡು, ಗಂಡಸರೆಲ್ಲ ಬಿಯರ್ ಹಿಡಿದು ನಿನಗೆಷ್ಟು ಕೊಡ್ತು, ನಿನಗೆಷ್ಟು ಕೊಡ್ತು ಅಂತ ಶುರು ಮಾಡ್ತಾರೆ. ಮೀನು ಹಿಡಿದವರ ಥರ ಎಲ್ಲರೂ ಒಂದೊಂದು ಗೇಣು ಸೇರಿಸಿಯೇ ಹೇಳೋದು."

"ನೀವು?"

"ನಾನು ಯಾಕೆ ಸೇರಿಸಲಿ? ನನಗೆ ನಿಜವಾಗಿ ಬರುತ್ತೆ."

ಬಾಲ್ಕಾರೆಸ್‌ನಲ್ಲಿ ಕಾಫಿಗೆ ನಿಲ್ಲಿಸಿದರು. ಮೈಲೋ ಎಚ್ಚರಗೊಂಡು ತನ್ನ ನೀಲಿ ಕಂಬಳಿ ಬೇಕೆಂದು ರಚ್ಚೆ ಹಿಡಿದ. ಕಂಬಳಿ ಇದ್ದದ್ದು ಹಿಂದಿನ ಪುಟ್ಟ ಕಾರಿನಲ್ಲಿ. ಟೆಸ್ಸಾ ಓಡಿ ಹೋಗಿ ಚಾಲಕನ ಸೀಟಿಗೆ ಮೊಣಕಾಲೂರಿ ಹಿಂದಕ್ಕೆ ಕೈ ಚಾಚಿದಳು. ಕಾರು ಒಂದು ಬೆರಳಿನಷ್ಟು ಜರುಗಿತು. ಕೈ ತಾನಾಗಿ ಹ್ಯಾಂಡ್‌ಬ್ರೇಕನ್ನು ಒಂದಷ್ಟು ಎಳೆದಿತ್ತು. ಕಂಬಳಿ ಸಿಕ್ಕಿತು, ಮಗು ಅಲ್ಲಿ ಕೂಗುತ್ತಲೇ ಇತ್ತು, ಅವಳು ಓಡಿದಳು.

ಅಲ್ಲಿಂದ ಹೊರಟ ಮೇಲೆ ನೆಟ್ಟಿ ಮೊದಲಿನ ಹಾಗಿರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಏನೋ ಕೇಳಿಸಿಕೊಳ್ಳುವವಳ ಹಾಗೆ ಕೂತಳು.

"ಇಲ್ಲ," ಅಂದಳು ಒಮ್ಮೆ, ಯಾರಿಗೂ ಅಲ್ಲ. "ಇದು ಹೀಗಿರಲ್ಲ."

ಟೆಸ್ಸಾ ಅವಳ ಕಡೆ ತಿರುಗಿದಳು. "ಏನಾಯ್ತು ಅತ್ತೆ?"

"ಕಾಲು." ಅಷ್ಟೇ ಉತ್ತರ.

ಕಾಲಿಗೇನಾಗಿದೆ? ಜೋಮು ಹಿಡಿದಿದೆಯಾ? ಲಕ್ವದ ಮೊದಲ ಲಕ್ಷಣ ಹೀಗೆಯೇ ಅಂತ ಎಲ್ಲೋ ಓದಿದ್ದಳಲ್ಲ? ಅವಳು ಅತ್ತೆಯ ತುಟಿ ಸೊಟ್ಟಗಿದೆಯೋ ನೋಡಿದಳು, ಕೈ ನಡುಗುತ್ತಿದೆಯೋ ನೋಡಿದಳು, ಹಿಂದೆ ತಿರುಗಿ ಮಗುವನ್ನು ನೋಡಿದಳು.

ರಸ್ತೆ ಕ್ವಪೆಲ್ ಕಣಿವೆಗೆ ಇಳಿಯತೊಡಗಿತು. ಉದ್ದನೆಯ ಇಳಿಜಾರು. ನೆಟ್ಟಿ ಪೆಡಲಿನಿಂದ ಕಾಲು ಪೂರ್ತಿ ತೆಗೆದು ವೇಗದ ಮುಳ್ಳನ್ನೇ ನೋಡಿದಳು. ತೊಂಬತ್ತು, ಎಂಬತ್ತೆಂಟು, ಎಂಬತ್ತೈದು.

"ಪೀಟರ್, ಇದು ಸರಿಯಿಲ್ಲ," ಅಂದಳು ಗಟ್ಟಿಯಾಗಿ, ಟೆಸ್ಸಾ ಕೂತಿದ್ದ ಸೀಟಿನ ಕಡೆಗೆ. ಅಪಾಯದ ದೀಪ ಹಾಕಿ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು ಹೋದಳು.

ಟೆಸ್ಸಾ ಸೀಟಿಗೆ ಅಂಟಿಕೊಂಡಳು. ಸತ್ತ ಗಂಡನ ಜೊತೆ ಮಾತು! ಫೋನಿನಲ್ಲಿ ರೋಮನ್‌ಗೆ ಬರೆದಳು: "ಅಮ್ಮ ಕಣಿವೆಯಲ್ಲಿ ಸುಮ್ಮನೆ ನಿಲ್ಲಿಸಿದ್ದಾರೆ. ಅಪ್ಪನ ಹೆಸರು ಹೇಳ್ತಿದ್ದಾರೆ. ನನಗೆ ಭಯ ಆಗ್ತಿದೆ." ಕಳಿಸಿಯೇಬಿಟ್ಟಳು.

ಆಗ ಹಿಂದಿನಿಂದ ಕೂಗು ಬಂತು. "ಮಗೂನ ಎತ್ತಿಕೊಂಡು ಇಳಿ! ದೂರ ಹೋಗಿ ನಿಲ್ಲು. ಓಡಬೇಡ, ನಡಿ."

ಟೆಸ್ಸಾ ಮೈಲೋನನ್ನು ಎದೆಗವಚಿಕೊಂಡು ಹುಲ್ಲಿನ ಮೇಲೆ ನಿಂತು ನೋಡಿದಳು. ಪುಟ್ಟ ಕಾರಿನ ಹಿಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು, ಸುಟ್ಟ ಬ್ರೇಕಿನ ನಾತ ಇಲ್ಲಿಯವರೆಗೂ ಬರುತ್ತಿತ್ತು. ನೆಟ್ಟಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಕೈಯಲ್ಲಿ ಹಿಡಿದು, ಕಾರಿನೊಳಗೆ ಬಗ್ಗಿ ಏನೋ ಕೆಳಗಿಳಿಸಿದಳು. ಆಮೇಲೆ ಎರಡೂ ಚಕ್ರದ ಹತ್ತಿರ ಮುಖ ತಂದು ನೋಡುತ್ತ ತುಂಬಾ ಹೊತ್ತು ಕೂತಳು. ಬೆಂಕಿ ಹತ್ತಲಿಲ್ಲ. ಹೊಗೆ ತೆಳುವಾಯಿತು.

ಆ ಇಪ್ಪತ್ತು ನಿಮಿಷದಲ್ಲಿ ಟೆಸ್ಸಾಗೆ ಎಲ್ಲವೂ ನೆನಪಾಗಿತ್ತು. ಕಂಬಳಿ, ಜರುಗಿದ ಕಾರು, ತನ್ನ ಕೈ.

"ಅತ್ತೆ... ಹ್ಯಾಂಡ್‌ಬ್ರೇಕ್ ನಾನೇ..."

"ಗೊತ್ತು. ನನಗಂತೂ ಆ ಕಾರಲ್ಲಿ ಕೆಲಸ ಇರಲಿಲ್ಲ." ನೆಟ್ಟಿ ಕೈ ಒರೆಸಿಕೊಳ್ಳುತ್ತ ಬಂದಳು. "ಪೂರ್ತಿ ಎಳೆದಿದ್ದರೆ ಚಕ್ರ ಉರುಳದೆ ಟೈರು ಕಿರುಚಿಕೊಳ್ಳೋದು, ಯಾರಿಗಾದರೂ ತಿಳಿಯೋದು. ನೀನು ಅರ್ಧ ಎಳೆದಿದ್ದೀಯ. ಇಷ್ಟು ದೊಡ್ಡ ಎಂಜಿನ್‌ಗೆ ಅದು ಲೆಕ್ಕಕ್ಕೇ ಇಲ್ಲ, ಎಳಕೊಂಡು ಹೋಗುತ್ತೆ, ಬೆಂಕಿ ಹತ್ತೋವರೆಗೂ."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ಕಾಲು ಅಂದೆನಲ್ಲ. ತೊಂಬತ್ತಕ್ಕೆ ಪೆಡಲ್ ಎಲ್ಲಿರುತ್ತೆ ಅಂತ ನನ್ನ ಪಾದಕ್ಕೆ ಗೊತ್ತು. ಇವತ್ತು ಒಂದು ಅಕ್ಕಿಕಾಳಿನಷ್ಟು ಕೆಳಗಿತ್ತು. ಗಾಳಿ ಇರಬಹುದು ಅಂದುಕೊಂಡೆ, ಹುಲ್ಲು ನೋಡಿದರೆ ಅಲುಗಾಡ್ತಿಲ್ಲ. ಈ ಇಳಿಜಾರಲ್ಲಿ ಕಾಲು ತೆಗೆದರೆ ಗಾಡಿ ತಾನಾಗಿ ನೂರಕ್ಕೆ ಹೋಗುತ್ತೆ, ನಾನೇ ತಡೀಬೇಕು. ಇವತ್ತು ಇಳಿಜಾರಲ್ಲೂ ನಿಂತುಕೊಳ್ತಿದೆ. ದಿನಕ್ಕೊಂದು ವೇಗದಲ್ಲಿ ಓಡಿಸೋರಿಗೆ ಇದು ತಿಳಿಯಲ್ಲ ಮಗಳೇ. ಒಂದೇ ವೇಗದಲ್ಲಿ ಹೋಗೋರಿಗೆ ಗಾಡಿ ಮಾತಾಡುತ್ತೆ."

ಟೆಸ್ಸಾ ಅಳತೊಡಗಿದಳು.

"ಥೂ, ಸುಮ್ಮನಿರು, ಮಗು ಹೆದರುತ್ತೆ. ನಾನು ಒಂದು ಸಲ ಮೆಟ್ಟಿಲು ಮಡಚದೆ ಹೊರಟು ಬಂಕ್ ಮುಂದಿನ ಹೂಕುಂಡ ಎಲ್ಲಾ ಗುಡಿಸಿಕೊಂಡು ಹೋಗಿದ್ದೆ. ರೋಮನ್ ನಿನ್ನನ್ನ ನನ್ನ ಕಾವಲಿಗೆ ಕೂರಿಸಿದ್ದಾನೆ ಅಂತಾನೂ ನನಗೆ ಗೊತ್ತು. ಆ ಸೀಟಿಗೆ ಪೀಟರ್ ಅನ್ನೋದು ನಾಲಿಗೆಗೆ ಅಭ್ಯಾಸ, ಅಷ್ಟೇ. ಬಾ, ಪೆರೊಗಿ ಬಿಸಿ ಮಾಡ್ತೀನಿ. ಚಕ್ರ ಆರೋಕೆ ಇನ್ನೂ ಒಂದು ಗಂಟೆ ಬೇಕು."

ಆಲೂಗಡ್ಡೆ ತುಂಬಿದ ಪೆರೊಗಿ ಕಡುಬನ್ನು ಟೆಸ್ಸಾ ಮುರಿದು ಮೈಲೋಗೆ ತಿನ್ನಿಸಿದಳು. ಅಷ್ಟರಲ್ಲಿ ರೋಮನ್ ಫೋನ್ ಮಾಡಿದ. ಏನು ಹೇಳುವುದು? "ಈಗ ಸರಿಯಾಗಿದೆ, ಬರ್ತಿದ್ದೀವಿ," ಅಂದು ಫೋನ್ ಇಟ್ಟಳು. ತಪ್ಪು ನನ್ನದು ಅನ್ನುವ ಎರಡು ಪದ ನಾಲಿಗೆಯ ತುದಿಗೆ ಬಂದು ಹಾಗೇ ಒಳಗೆ ಹೋದವು.

ಚಕ್ರ ಆರುವಷ್ಟರಲ್ಲಿ ಗಾಳಿ ಎದ್ದಿತ್ತು. ನೆಟ್ಟಿ ಕಾರನ್ನು ಕೊಂಡಿಯಿಂದ ಬಿಡಿಸಿ, ಹಿಂದೆ ಮುಂದೆ ತಳ್ಳಿ, ಚಕ್ರ ಸಲೀಸಾಗಿ ಉರುಳುವುದನ್ನು ನೋಡಿಯೇ ಮತ್ತೆ ಸಿಕ್ಕಿಸಿದಳು. ಅಲ್ಲಿಂದ ಪ್ರತಿ ಅರ್ಧ ಗಂಟೆಗೊಮ್ಮೆ ಇಳಿದು ಚಕ್ರಕ್ಕೆ ಅಂಗೈ ಹಿಂಭಾಗ ಒಡ್ಡಿ ಬಿಸಿ ನೋಡಿದಳು. ಪಶ್ಚಿಮದಿಂದ ಬೀಸಿದ ಗಾಳಿ ಇಡೀ ದಿನ ಆ ಚಪ್ಪಟೆ ಮುಖಕ್ಕೆ ಬಡಿಯಿತು. ಅವಳು ಎಂಬತ್ತಕ್ಕೆ ಇಳಿಸಿದಳು, ಆದರೂ ಪೆಟ್ರೋಲ್ ಮುಳ್ಳು ಕುಸಿಯುತ್ತಲೇ ಹೋಯಿತು.

ಕ್ಯಾಂಪು ತಲುಪಿದಾಗ ವಾಲ್ಟ್‌ನವರಿಗಿಂತ ನಾಲ್ಕು ಗಂಟೆ ತಡ. ಪೈನ್ ಮರಗಳ ಕೆಳಗೆ ಕುರ್ಚಿ ಹಾಕಿಕೊಂಡು ಹತ್ತಾರು ಜನ ಕೂತಿದ್ದರು; ಒಲೆಯ ಮೇಲೆ ಕುಬಾಸಾ ಸಾಸೇಜು ಚಟಪಟ ಅನ್ನುತ್ತಿತ್ತು. ರೋಮನ್ ಓಡಿ ಬಂದು ಮಗುವನ್ನು ಎತ್ತಿಕೊಂಡ. ತಾಯಿಯ ಮುಖವನ್ನು ವೈದ್ಯರ ಹಾಗೆ ನೋಡಿದ.

"ಬಂದ್ರಾ ಅತ್ತಿಗೆ! ಕೇಕ್ ಮೇಲೆ ಮೇಣದಬತ್ತಿ ಹಚ್ಚಿ ಕಾಯ್ತಿದ್ವಿ, ನಿಮ್ಮ ಮುಂದಿನ ಹುಟ್ಟುಹಬ್ಬಾನೇ ಬಂತೇನೋ ಅಂತ," ಅಂದ ವಾಲ್ಟ್. "ಹೋಗಲಿ, ಇಷ್ಟು ನಿಧಾನ ಬಂದಿದ್ದಕ್ಕೆ ಎಷ್ಟು ಕೊಡ್ತು?"

"ಎರಡು ಪಾಯಿಂಟ್ ಒಂಬತ್ತು," ಅಂದಳು ನೆಟ್ಟಿ.

ಕುರ್ಚಿಗಳಲ್ಲಿ ಕೂತವರ ತಲೆಗಳು ತಿರುಗಿದವು. ಅಲ್ಲಿದ್ದವರಿಗೆಲ್ಲ ಆಕೆಯ ಅಂಕಿ ಗೊತ್ತು.

"ಎರಡು ಪಾಯಿಂಟ್ ಒಂಬತ್ತಾ? ನನಗೇ ಮೂರು ಬಂತಲ್ಲ!" ವಾಲ್ಟ್ ರೋಮನ್ ಕಡೆ ತಿರುಗಿ ದನಿ ತಗ್ಗಿಸಿದ, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿದ: "ಕೈ ಹಿಡಿತ ತಪ್ಪಿದೆ ಮಗಾ. ನಾನು ಹೇಳಿರಲಿಲ್ವಾ? ದಾರಿಯಲ್ಲಿ ನಿಂತು ಅಣ್ಣನ ಹತ್ತಿರ ಮಾತಾಡ್ತಾಳೆ ಅಂತ ಟೆಸ್ಸಾನೇ ಬರೆದಿದ್ದಾಳಲ್ಲ."

ನೆಟ್ಟಿ ಸೊಸೆಯ ಕಡೆ ನೋಡಲಿಲ್ಲ. "ಇವತ್ತು ದಾರಿ ಕುಡೀತು," ಅಂದಳು, ಗಾಡಿಯ ಚಕ್ರಕ್ಕೆ ಮರದ ತುಂಡು ಕೊಡಲು ಬಗ್ಗಿದಳು. ಅಷ್ಟೇ. ನೆಪವಿಲ್ಲ, ದೂರಿಲ್ಲ.

ಆ ಬಗ್ಗಿದ ಬೆನ್ನು ನೋಡಿ ಟೆಸ್ಸಾಳ ಬಾಯಿ ಬಿಚ್ಚಿತು.

"ನಾನು ಬರೆದದ್ದು ತಪ್ಪು." ದನಿ ಕೀರಲಾಗಿ ಬಂತು, ಅವಳು ಬಿಡಲಿಲ್ಲ. "ಕಾರಿನ ಹ್ಯಾಂಡ್‌ಬ್ರೇಕ್ ಎಳೆದು ಮರೆತವಳು ನಾನು. ಚಕ್ರ ಹೊಗೆಯಾಡ್ತಿತ್ತು. ಇನ್ನು ಹತ್ತು ನಿಮಿಷ ಹೋಗಿದ್ದರೆ ನಮ್ಮ ಹಿಂದೆ ಬೆಂಕಿ ಇರುತ್ತಿತ್ತು, ಒಳಗೆ ನನ್ನ ಮಗು ಮಲಗಿತ್ತು. ಹೊಗೆ ಕಾಣೋಕೆ ಮೊದಲೇ ಅತ್ತೆ ಪಾದದಲ್ಲಿ ಕಂಡುಹಿಡಿದರು. ಅದು ಆರೋವರೆಗೆ ಕಾದು ಗಾಳಿಗೆ ಸಿಕ್ಕಿಕೊಂಡ್ವಿ, ಅದಕ್ಕೇ ಎರಡು ಪಾಯಿಂಟ್ ಒಂಬತ್ತು. ಚಿಕ್ಕಪ್ಪಾ, ನೀವು ನೂರಹದಿನೈದರಲ್ಲಿ ಹೋಗ್ತಿದ್ದರೆ ನಿಮ್ಮ ಪಾದಕ್ಕೆ ಗೊತ್ತಾಗ್ತಿತ್ತಾ?"

ವಾಲ್ಟ್ ಬಿಯರ್ ಡಬ್ಬಿಯನ್ನು ಮಂಡಿಯ ಮೇಲೆ ತಿರುಗಿಸಿದ. ಅವನು ಕೆಟ್ಟವನಲ್ಲ. "ಇಲ್ಲ," ಅಂದ ಕೊನೆಗೆ. "ಬೆಂಕಿ ಹತ್ತಿದ ಮೇಲೂ, ಕನ್ನಡಿಯಲ್ಲಿ ನೋಡಿ ಸೂರ್ಯ ಹುಟ್ತಿದ್ದಾನೆ ಅಂದುಕೊಳ್ತಿದ್ದೆ."

ಮೊದಲು ನಕ್ಕದ್ದು ನೆಟ್ಟಿಯೇ.

ರೋಮನ್ ಮಗುವನ್ನು ಹಿಡಿದು ನಿಂತೇ ಇದ್ದ. "ಹಾಗಾದರೆ... ಗಾಡಿ ವಿಷಯ?" ಅಂದ ಹೆಂಡತಿಗೆ ಮೆಲ್ಲಗೆ.

"ಗಿರಾಕಿಗೆ ಬೇರೆ ಗಾಡಿ ನೋಡಿಕೊಳ್ಳೋಕೆ ಹೇಳು. ಮಗುವೂ ನಾನೂ ಅತ್ತೆ ಜೊತೆಗೇ ವಾಪಸ್ ಬರ್ತೀವಿ. ನೀನು ನಿನ್ನಿಷ್ಟ."

"ಅಮ್ಮಾ, ನಿನ್ನ ಗಾಡಿಯಲ್ಲಿ ಜಾಗ ಇದೆಯಾ?"

"ಹಿಂದೆ ಇದೆ," ಅಂದಳು ನೆಟ್ಟಿ, ಮಂಡಿಯ ಮಣ್ಣು ಕೊಡವಿಕೊಂಡು ಏಳುತ್ತ. "ಪಕ್ಕದ ಸೀಟು ಖಾಲಿಯಿಲ್ಲ."

ಐದು ದಿನ ಬಿಟ್ಟು ವಾಪಸು ಹೊರಟರು. ಗಾಳಿ ಬೆನ್ನಿಗಿತ್ತು, ರಸ್ತೆ ನೆಟ್ಟಗೆ, ಗೋಧಿ ಹೊಲ ಎರಡೂ ಕಡೆ ಮುಂದಕ್ಕೇ ಬಾಗಿತ್ತು. ಹೊರಡುವ ಮೊದಲು ಟೆಸ್ಸಾ ಕಾರಿನ ಹ್ಯಾಂಡ್‌ಬ್ರೇಕನ್ನು ಮೂರು ಸಲ ಮುಟ್ಟಿ ನೋಡಿದ್ದಳು; ಅವಳ ಭಯ ಎಲ್ಲೂ ಹೋಗಿರಲಿಲ್ಲ, ಆದರೆ ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು. ಸ್ವಿಫ್ಟ್ ಕರೆಂಟ್ ದಾಟಿದ ಮೇಲೆ ಹಿಂದಿನ ಬೆಂಚಿನಿಂದ ರೋಮನ್ ಆಕಳಿಸುತ್ತ ಕೇಳಿದ: "ಅಮ್ಮಾ, ಬೆನ್ನಗಾಳಿ ಇದೆಯಲ್ಲ, ಇವತ್ತೊಂದು ದಿನ ನೂರಕ್ಕೆ ಬಿಡಬಾರದಾ?"

ನೆಟ್ಟಿ ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನಿಂದ ಉತ್ತರ ಬಂತು.

"ಬೇಡ. ಸುಮ್ಮನೆ ಮಲಗು. ನಾಲ್ಕು ಪಾಯಿಂಟ್ ಎರಡು ಬರ್ತಿದೆ."