ಗೌರಕ್ಕ ಹೇಳಿದ ಓಟಗಾರನ ಕಥೆ

ಮೊನ್ನೆ ಹಳೆ ಪುಸ್ತಕದ ಅಂಗಡಿಯಲ್ಲಿ ಓಟಗಾರನೊಬ್ಬನ ಆತ್ಮಕಥೆ ಕೈಗೆ ಸಿಕ್ಕಿತು. ಇಡೀ ಪುಸ್ತಕ. ಇಡೀ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ, ಸ್ವಲ್ಪ ತಾಳಿ.

ಆಟಗಾರರ ಬದುಕಿನ ಪುಸ್ತಕಗಳಲ್ಲಿ ಯಾವುದನ್ನು ಓದಬೇಕೆಂದು ನನ್ನನ್ನು ಕೇಳುವವರಿದ್ದಾರೆ. ಕ್ರಿಕೆಟ್ಟಿನವರದು ಬೇಡ ಎನ್ನುತ್ತೇನೆ, ಅರ್ಧ ಪುಸ್ತಕ ರನ್ನುಗಳಲ್ಲೇ ಮುಗಿದುಹೋಗುತ್ತದೆ. ಹಾಕಿ ಗೋಲ್‌ಕೀಪರುಗಳದು ಓದಿ, ತಡೆದ ಚೆಂಡಿಗಿಂತ ಬಿಟ್ಟ ಚೆಂಡನ್ನೇ ಅವರು ಹೆಚ್ಚು ನೆನೆಯುತ್ತಾರೆ. ಕುಸ್ತಿಯವರದನ್ನು ಊಟವಾದ ಮೇಲೆ ಓದಿ, ಇಲ್ಲದಿದ್ದರೆ ಹಸಿವು ತಡೆಯಲಾಗದು. ಈ ಪಾಂಡಿತ್ಯವೆಲ್ಲ ನಾನು ಸಂಪಾದಿಸಿದ್ದು ಎಂಬತ್ತರ ದಶಕದಲ್ಲಿ, ಬಂಗಾರಪೇಟೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ ಬೆಳಗಿನ ರೈಲಿನಲ್ಲಿ.

ನಾವು ಮೂವರು. ಉರಿಗಾಂನಲ್ಲೇ ಹತ್ತಿ ಸೀಟು ಹಿಡಿದಿಡುತ್ತಿದ್ದ ಸೆಲ್ವಿ, ಬೂದಿಕೋಟೆಯಿಂದ ಬಸ್ಸಿನಲ್ಲಿ ಬಂದು ಓಡೋಡಿ ರೈಲು ಹತ್ತುತ್ತಿದ್ದ ಗೌರಕ್ಕ, ಮತ್ತೆ ನಾನು. ಪುಸ್ತಕ ಒಂದೇ, ತಾಳ್ಮೆ ಯಾರಿಗೂ ಇಲ್ಲ. ಹಾಗಾಗಿ ಸೆಲ್ವಿ ಬ್ಲೇಡು ಹಾಕಿ ಪುಸ್ತಕವನ್ನು ಮೂರು ಭಾಗ ಮಾಡುತ್ತಿದ್ದಳು. ಅವರವರ ಭಾಗ ಓದಿ ಮಿಕ್ಕವರಿಗೆ ಕಥೆ ಹೇಳುವುದು, ಆಮೇಲೆ ಅದಲುಬದಲು. ಕೊನೆ ಮೊದಲೇ ಗೊತ್ತಾದರೂ ನಮಗೇನೂ ಅನ್ನಿಸುತ್ತಿರಲಿಲ್ಲ.

ಮೊನ್ನೆ ಸಿಕ್ಕಿತೆಂದೆನಲ್ಲ, ಆ ಓಟಗಾರನ ಪುಸ್ತಕವನ್ನೂ ಆಗ ಹೀಗೇ ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು ನಡುವಿನ ಭಾಗ. ಮಂಡಿ ಮುರಿದುಕೊಂಡು ಅವನು ಮನೆಯಲ್ಲಿ ಕೂತಿದ್ದ. ನಾನೂ ಬಾಲ್ ಬ್ಯಾಡ್ಮಿಂಟನ್ ಆಡುವಾಗ ಮಂಡಿ ತಿರುಚಿಕೊಂಡು, ವಾಸಿಯಾದ ಮೇಲೂ ಹೆದರಿ, ಬ್ಯಾಟನ್ನು ಅಟ್ಟಕ್ಕೆ ಹಾಕಿದ್ದ ಕಾಲ ಅದು. ಆಡದೆ ನನಗೆ ಅನ್ನ ಸೇರುತ್ತಿರಲಿಲ್ಲ. ಓದುತ್ತಾ ರೈಲಿನಲ್ಲೇ ಅತ್ತುಬಿಟ್ಟೆ.

"ಯಾಕಳ್ತೀಯೇ, ಕೊನೇಗೆ ಎದ್ದು ಓಡ್ತಾನೆ ಕಣೇ," ಎಂದಳು ಗೌರಕ್ಕ. ಕೊನೆಯ ಭಾಗ ಅವಳ ಹತ್ತಿರವಿತ್ತು. "ಎಂಗೆ ಓಡ್ತಾನೆ ಅಂತೀಯ, ಊರೆಲ್ಲಾ ನಿಂತ್ಕಂಡು ನೋಡ್ತದೆ."

ಅದಲುಬದಲಿನ ದಿನ ಮಾತ್ರ ಬರಿಗೈಯಲ್ಲಿ ಬಂದಳು. "ಕೊಟ್ಟಿಗೇಲಿಟ್ಟಿದ್ದೆ, ನಮ್ಮ ಎಮ್ಮೆ ತಿಂದ್ಬುಡ್ತು ಕಣ್ರೇ."

"ಪರವಾಯಿಲ್ಲ, ನಿಮ್ಮ ಎಮ್ಮೆ ನಮಗಿಂತ ಬೇಗ ಓದಿ ಮುಗಿಸ್ತು," ಎಂದು ಸೆಲ್ವಿ ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಬ್ಯಾಟು ಅಟ್ಟದಿಂದ ಇಳಿದಾಗಿತ್ತು. ಮುಂದೆ ವರ್ಷಗಟ್ಟಲೆ ಆಡಿದೆ. ಗೆದ್ದದ್ದು ಕಡಿಮೆಯೇ, ಆದರೆ ಅಷ್ಟು ಸುಖ ಇನ್ನಾವುದರಲ್ಲೂ ಕಂಡಿಲ್ಲ.

ನಿನ್ನೆ ಪುಸ್ತಕದ ಕೊನೆಯ ಪುಟ ಮುಗಿಸಿದೆ. ಅವನು ಮತ್ತೆ ಓಡಲೇ ಇಲ್ಲ. ಕುಂಟುತ್ತಲೇ ಇದ್ದಾನೆ, ಕೊನೆಯವರೆಗೂ.

ಬೂದಿಕೋಟೆಗೆ ಫೋನ್ ಮಾಡಿ ಗೌರಕ್ಕನನ್ನು ಕೇಳಿದೆ.

"ಊಂ ಕಣೇ, ಓಡ್ಲಿಲ್ಲ. ನಿನ್ ಮುಖ ನೋಡ್ಕಂಡು ಅದನ್ನ ಎಂಗೆ ಏಳೋದು? ನೀನಾಡ್ದೆ ತಾನೆ, ಸಾಕು ಬುಡು."

ಯಾವ ಪುಸ್ತಕ ಓದಲಿ ಎಂದು ಕೇಳುವವರಿಗೆ ಇನ್ನು ಏನು ಹೇಳಲಿ? ನನ್ನನ್ನು ಮತ್ತೆ ಅಂಗಳಕ್ಕಿಳಿಸಿದ ಆ ಕೊನೆಯ ಅಧ್ಯಾಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.